ಅಕಾರ ನಾಪತ್ತೆ

ಗುರುವಾರ ರಾತ್ರಿ ಒಂಬತ್ತೂವರೆ. ಕೇಬಲ್ ಟೀವಿಯಲ್ಲಿ
'ಅಚ್ಚುಮೊಳೆ', ಕೊನೆಯ ಕಂತು.
ನಾಗವೇಣಿ ನೆನೆದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಾಳೆ,
ಪಟಕ್ಕಂತ ಬೇಳೆ ಬೋಗುಣಿಗೆ, ಸಿಪ್ಪೆ ಮೊರಕ್ಕೆ.
ನಾನು ಟೀವಿಗೆ ಒಂದು ಮೊಳ ದೂರ.
"ಕಣ್ಣು ಹೋಗ್ತದೆ" ಅಂತಾಳೆ.
ಮೂವತ್ತೊಂದು ವರ್ಷ ಸೀಸದ ಅಕ್ಷರ ಉಲ್ಟಾ ಓದಿದ ಕಣ್ಣು;
ಹೋಗೋದಾಗಿದ್ರೆ ಆವಾಗ್ಲೇ ಹೋಗ್ತಿತ್ತು.

ಚಿಂತಾಮಣಿ. ಚೇಳೂರು ರಸ್ತೆ. ನಸುಕು, ಹಾಲಿನ ಕ್ಯಾನು.
ಕಂಬದಿಂದ ಕಂಬಕ್ಕೆ ಫ್ಲೆಕ್ಸು:
ಸಮುದಾಯ ಭವನದ ಉದ್ಘಾಟನೆ,
ಮುಖ್ಯ ತಿಥಿ, ಶ್ರೀ ನಾರೆಪ್ಪನವರು.
ಅದರ ಕೆಳಗೆ ನಾರೆಪ್ಪನವರು
ಕೈ ಮುಗಿದುಕೊಂಡೇ ಅಂಗಾತ.

ಯಾರೋ ಒಂದು ಅ ಕದ್ದಿದ್ದಾರೆ.
ಅದು ಕೂತಿದ್ದ ಜಾಗದಲ್ಲಿ ಚೌಕಾಕಾರದ ತೂತು,
ತೂತಿನಲ್ಲಿ ಅಂಬಾಜಿದುರ್ಗ.

ಬಂದಳು ಪಿ.ಎಸ್.ಐ. ಮುನಿಲಕ್ಷ್ಮಿ.
ಬುಲೆಟ್ಟಿಗೆ ಸ್ಟ್ಯಾಂಡ್ ಹಾಕುವ ಮುಂಚೆಯೇ
"ದಫೇದಾರ್ರೇ, ತಲೆಕಟ್ಟು ನೋಡಿ."
ಪಿಳ್ಳಪ್ಪ ಬಗ್ಗಿ ಹೆಣದ ತಲೆ ನೋಡಿದ.
"ಅದಲ್ರೀ. ಪಕಾರದ್ದು."

ನಮ್ಮ ತಲೆಕಟ್ಟು ಮಲಗಿದ ಗೆರೆ, ತುದಿಯಲ್ಲೊಂದು ಕೊಂಕು.
ನಾರೆಪ್ಪನ ಪಕಾರದ ಮೇಲೆ ನಿಂತಿರುವುದು
ತೆಲುಗಿನ ಗೀಟು, ಚೂಪಾಗಿ, ಕೆಂಪಗೆ.
"ಗಡಿಯಾಚೆಯ ಕೈವಾಡ ಮೇಡಂ!"
"ಅಂಗಾದ್ರೆ ತಾಲ್ಲೂಕಿಗೆ ತಾಲ್ಲೂಕೇ ಒಳಗೆ ಹಾಕ್ರಿ.
ಮೊದ್ಲು ನಿಮ್ಮ ಸಹಿ ತೋರ್ಸಿ."
ಪಿಳ್ಳಪ್ಪನ ಕೊನೆಯ ಪಕಾರವೂ
ಅದೇ ಟೋಪಿ ಹಾಕಿಕೊಂಡು ನಿಂತಿತ್ತು.

ಜಾಹೀರಾತು. ಸೀರೆ ಅಂಗಡಿಯ 'ಬ್ರಹತ್' ರಿಯಾಯಿತಿ.
(ಇದಕ್ಕೆ ಯಾವ ಠಾಣೆಯಲ್ಲೂ ಕೇಸಿಲ್ಲ.)

ಹೇಳುವುದು ಮರೆತೆ. ಈ ಸೀರಿಯಲ್ಲಿನ ಹುಡುಗರು
ನಮ್ಮ ಮನೆಗೇ ಬಂದಿದ್ದರು, ಮೊಳೆ ಜೋಡಿಸುವುದು ಹೇಗೆ ಅಂತ ಕೇಳೋಕೆ.
ಎರಡೆರಡು ಸಲ ಕಾಫಿ ಕುಡಿದರು.
"ನಿಮ್ಮ ಹೆಸರು ಹಾಕ್ತೀವಿ ಸಾರ್" ಅಂದರು.
ರೇಷನ್ ಕಾರ್ಡಲ್ಲಿ ನಾನು ಅಶ್ವಥಪ್ಪ,
ಓಟರ್ ಲಿಸ್ಟಲ್ಲಿ ಅಸ್ವತಪ್ಪ,
ಕರೆಂಟ್ ಬಿಲ್ಲಲ್ಲಿ ಅಸ್ವಸ್ಥಪ್ಪ.
ಚೀಟಿಯಲ್ಲಿ ದಪ್ಪಗೆ ಬರೆದು ಕೊಟ್ಟು ಮೂರು ಸಲ ಹೇಳಿದೆ:
ತಕಾರಕ್ಕೆ ಥಕಾರದ ಒತ್ತು, ಮರೀಬೇಡಿ.

ಮತ್ತೆ ಠಾಣೆ. ಡಿಟಿಪಿ ಷಬ್ಬೀರ ನಡುಗುತ್ತಾನೆ:
"ಫಾಂಟ್ ಬದಲಾಯ್ಸಿದ್ರೆ ಅಲ್ಲಲ್ಲಿ ಚೌಕ ಬೀಳೋದು ಮಾಮೂಲು, ಮೇಡಂ."
"ಗಾಳಿ ಆಡೋ ಚೌಕ ಯಾವ ಫಾಂಟಲ್ಲೂ ಇಲ್ಲ. ಎದ್ದು ಹೋಗು."
ಆಮೇಲೆ ಗುಜರಿಯವನು, ಮುಚ್ಚಿದ ಪ್ರೆಸ್ಸುಗಳ ಮೊಳೆ
ಕಿಲೋ ಲೆಕ್ಕದಲ್ಲಿ ಕೊಂಡವನು.
ಮಾರಿದವರು ಯಾರು ಅಂತ ಕೇಳುತ್ತಾಳೆ.
ನಾನು ಮೊರದ ಸಿಪ್ಪೆ ನೋಡುತ್ತೇನೆ.
ನಾಕು ಕೇಸು ಸೀಸ; ಅದರಲ್ಲಿ ಅ ಎಷ್ಟಿದ್ದವೋ,
ಮಗಳ ಫೀಜಿಗೆ ಸರಿಹೋದವು.

ಅಷ್ಟರಲ್ಲಿ ಹೆಣ ಆಸ್ಪತ್ರೆಯ ದಾರಿಯಲ್ಲಿ ಎದ್ದು ನೀರು ಕೇಳಿತು.
ತನ್ನ ತಿಥಿ ತಾನೇ ಓದಿ ತಲೆ ಸುತ್ತಿತ್ತಷ್ಟೆ.
ಕಳುವಾದ ಅಕಾರ ಕನ್ನಂಪಲ್ಲಿ ಕೆರೆ ಏರಿಯ ಮೇಲೆ ಸಿಕ್ಕಿತು,
ಎದುರು ಪಾರ್ಟಿಯ ಬ್ಯಾನರಿನಲ್ಲಿ
'ಸಮರ್ಥ ನಾಯಕ'ನ ಮುಂದೆ ಗೋಂದು ಹಚ್ಚಿಕೊಂಡು ಕೂತಿತ್ತು.

ಮುನಿಲಕ್ಷ್ಮಿ ಪಕಾರದ ಗೀಟನ್ನು ಉಗುರಲ್ಲಿ ಕೆರೆದಳು.
ತೆಲುಗೂ ಅಲ್ಲ, ತಲೆಕಟ್ಟೂ ಅಲ್ಲ. ರೈಟ್ ಮಾರ್ಕು.
ನಿವೃತ್ತ ಕನ್ನಡ ಪಂಡಿತೆ ಸುಶೀಲಾಬಾಯಿ
ಕತ್ತರಿ, ಕೆಂಪು ಪೆನ್ನು ಎರಡನ್ನೂ ಮೇಜಿನ ಮೇಲಿಟ್ಟರು:
"ಎರಡು ಕಡೆ ತಪ್ಪಿತ್ತಮ್ಮ. ಒಂದೇ ಅಕಾರದಲ್ಲಿ ತಿದ್ದಿದೆ.
ನಾರೆಪ್ಪನ ಒತ್ತು ಮಾತ್ರ ಸರಿಯಾಗಿತ್ತು,
ರೈಟ್ ಹಾಕಿದೆ."
ಠಾಣೆಗೆ ಠಾಣೆಯೇ ಎದ್ದು ನಿಂತಿತು.
ಪಿಳ್ಳಪ್ಪ ಅವರ ಹಳೇ ಶಿಷ್ಯ.

ಹೆಸರುಗಳು ಉರುಳತೊಡಗಿದವು: ಲೈಟು, ಮೇಕಪ್ಪು, ಊಟದ ವ್ಯವಸ್ಥೆ.
ನಾಗವೇಣಿಯ ಬೆರಳು ಅರ್ಧ ಹಿತುಕಿದ ಕಾಳಿನ ಮೇಲೆ ನಿಂತಿತು.
ಕಟ್ಟಕಡೆಗೆ, ಸಣ್ಣಗೆ, ಬೆಳ್ಳಗೆ:

ಅಕ್ಷರ ಸಲಹೆ
ಶ್ವತ್ಥಪ್ಪ, ಚಿಂತಾಮಣಿ

ಬೇಳೆ ಪಟಕ್ಕಂತ ಬೋಗುಣಿಗೆ ಬಿತ್ತು.
"ಒತ್ತು ಸರಿಯಾಗೈತಲ್ಲ" ಅಂದಳು.